ಇದು ಯಾವ ಟೈಪು, ಮಾಮ?

ಸೋದರಳಿಯ ಎಂಜಿನಿಯರಿಂಗ್ ಎರಡನೇ ಸೆಮಿಸ್ಟರಿನಲ್ಲಿದ್ದಾನೆ. ಗಣಿತದ ಪೇಪರ್ ಹತ್ತಿರ ಬಂದಾಗ ಮಾತ್ರ ಅವನಿಗೆ ನನ್ನ ನೆನಪಾಗುತ್ತದೆ. ಹೋದ ತಿಂಗಳು ಒಂದು ಭಾನುವಾರ ಇಡ್ಲಿ ತಿಂದು ಕೈ ತೊಳೆದವನೇ ನೋಟ್‌ಬುಕ್ ಬಿಚ್ಚಿ ನನ್ನ ಮುಂದೆ ಹಿಡಿದ. ಪುಟದ ಈ ಅಂಚಿನಿಂದ ಆ ಅಂಚಿನವರೆಗೆ ಹರಡಿಕೊಂಡಿದ್ದ ಒಂದು ಅವಕಲ ಸಮೀಕರಣ. ‘ಇದು ಯಾವ ಟೈಪು, ಮಾಮ? ಟೈಪ್ ಹೇಳಿಬಿಡು ಸಾಕು, ಸ್ಟೆಪ್ಸ್ ನನಗೆ ಬರತ್ತೆ.’

ಅವನದೇನೂ ತಪ್ಪಿಲ್ಲ. ಡಿಫರೆನ್ಷಿಯಲ್ ಈಕ್ವೇಷನ್ ಅಂದರೆ ನಮ್ಮಲ್ಲಿ ಬಹುಮಟ್ಟಿಗೆ ಇದೇ. ಜಾತಕ ನೋಡಿ ರಾಶಿ ಹೇಳುವ ಹಾಗೆ ಸಮೀಕರಣದ ಮುಖ ನೋಡಿ ಇದು ವೇರಿಯಬಲ್ ಸೆಪರಬಲ್, ಇದು ಹೋಮೋಜೀನಿಯಸ್, ಇದು ಎಕ್ಸಾಕ್ಟ್, ಇದು ಬರ್ನೂಲಿ ಎಂದು ಹೇಳಬೇಕು. ರಾಶಿ ಸಿಕ್ಕಿತೋ, ಪರಿಹಾರ ಪುಸ್ತಕದಲ್ಲೇ ಇದೆ. ಮೂವತ್ತು ವರ್ಷದ ಹಿಂದೆ ಬಿ.ಎಸ್ಸಿ.ಯಲ್ಲಿ ನಾನೂ ಹೀಗೇ ಪಾಸಾದವನು. ನೂರಾರು ಸಮೀಕರಣ ಬಿಡಿಸಿದ್ದೆ. ಅವುಗಳಲ್ಲಿ ಒಂದಾದರೂ ಏನು ಹೇಳುತ್ತಿದೆ ಎಂದು ಯಾರಾದರೂ ಕೇಳಿದ್ದರೆ ತಲೆ ಕೆರೆದುಕೊಳ್ಳಬೇಕಿತ್ತು. ಪುಣ್ಯಕ್ಕೆ ಯಾರೂ ಕೇಳಲಿಲ್ಲ.

ಸಮೀಕರಣ ಮಾತಾಡುತ್ತದೆ ಎಂದು ನನಗೆ ಗೊತ್ತಾದದ್ದು ತೀರ ತಡವಾಗಿ. ಹಾಗಾಗಿ ಆ ಭಾನುವಾರ ಟೈಪು ಹೇಳುವ ಬದಲು ಅಡುಗೆಮನೆಯಿಂದ ಒಂದು ಖಾಲಿ ನೀರಿನ ಬಾಟಲಿ ತಂದೆ. ನೇರ ಮೈಯ, ಎಂಟು ಸೆಂಟಿಮೀಟರ್ ಅಗಲದ್ದು. ಮೊಳೆ ಕಾಯಿಸಿ ತಳದ ಹತ್ತಿರ ಎರಡು ಮಿಲಿಮೀಟರಿನ ತೂತು ಕೊರೆದೆವು. ತೂತಿನಿಂದ ಮೇಲಕ್ಕೆ 16 ಸೆಂಟಿಮೀಟರಿನವರೆಗೆ ಸ್ಕೆಚ್ ಪೆನ್ನಿನಲ್ಲಿ ಗೆರೆ ಎಳೆದು, ನೀರು ತುಂಬಿ, ಸಿಂಕಿನ ಮೇಲೆ ಇಟ್ಟು, ಅವನ ಕೈಗೆ ಮೊಬೈಲಿನ ಸ್ಟಾಪ್‌ವಾಚ್ ಕೊಟ್ಟೆ. ‘ಬಾಟಲಿ ಖಾಲಿಯಾಗೋಕೆ ಸುಮಾರು ಎಂಟು ನಿಮಿಷ ಬೇಕು. ಅರ್ಧ ಹೊತ್ತು ಕಳೆದಾಗ, ಅಂದರೆ ನಾಲ್ಕನೇ ನಿಮಿಷದಲ್ಲಿ, ಎಷ್ಟು ನೀರು ಉಳಿದಿರತ್ತೆ?’

‘ಅರ್ಧ,’ ಅಂದ. ಆಮೇಲೆ ಅನುಮಾನ ಬಂದು, ‘ಅರ್ಧಕ್ಕಿಂತ ಸ್ವಲ್ಪ ಕಮ್ಮಿ?’

ಉಳಿದದ್ದು ಕಾಲು ಭಾಗ. ಎರಡೆರಡು ನಿಮಿಷಕ್ಕೊಮ್ಮೆ ಗುರುತು ಹಾಕುತ್ತಾ ಹೋದ. 16ರಲ್ಲಿದ್ದ ನೀರು 9ರ ಹತ್ತಿರ ಬಂತು, ಆಮೇಲೆ 4ರ ಹತ್ತಿರ, ಆಮೇಲೆ 1ರ ಹತ್ತಿರ. ಕೂದಲೆಳೆಯಷ್ಟು ಆಚೀಚೆ ಆಯಿತು, ನಿಜ. ಆದರೆ ಪಟ್ಟಿ ನೋಡಿದ ಕೂಡಲೇ ಹುಡುಗ, ‘ಎಲ್ಲಾ ಸ್ಕ್ವೇರ್‌ಗಳು!’ ಎಂದ. ನಾಲ್ಕರ ವರ್ಗ, ಮೂರರ ವರ್ಗ, ಎರಡರದು, ಒಂದರದು. ಇಳಿದ ಲೆಕ್ಕ ಹಿಡಿದರೆ 7, 5, 3, 1. ಬೀಳುವ ವಸ್ತು ಸಮಾನ ಅವಧಿಗಳಲ್ಲಿ 1, 3, 5, 7 ಎಂಬ ಬೆಸ ಸಂಖ್ಯೆಗಳ ಅನುಪಾತದಲ್ಲಿ ದೂರ ಕ್ರಮಿಸುತ್ತದೆ ಎಂದು ಗೆಲಿಲಿಯೊ ಹೇಳಿದ್ದನಲ್ಲ, ಅದೇ ಪಟ್ಟಿ ಇಲ್ಲಿ ತಲೆಕೆಳಗಾಗಿ ನಿಂತಿದೆ.

ಈ ಎಲ್ಲ ಸಂಖ್ಯೆಗಳ ಹಿಂದೆ ಇರುವುದು ಒಂದೇ ವಾಕ್ಯ: ನೀರು ಇಳಿಯುವ ವೇಗ ಅದರ ಎತ್ತರದ ವರ್ಗಮೂಲಕ್ಕೆ ಅನುಗುಣವಾಗಿರುತ್ತದೆ. ತೂತಿನಿಂದ ನೀರು ಚಿಮ್ಮುವ ವೇಗದ ಈ ನಿಯಮವನ್ನು 1644ರಲ್ಲಿ ಪ್ರಕಟಿಸಿದವನು ಇಟಲಿಯ ಟೊರಿಸೆಲ್ಲಿ, ಗೆಲಿಲಿಯೊನ ಕೊನೆಯ ತಿಂಗಳುಗಳಲ್ಲಿ ಅವನ ಜೊತೆಗಿದ್ದವನು. ನಮ್ಮ ಬಾಟಲಿಗೆ ಸೆಂಟಿಮೀಟರ್ ಮತ್ತು ನಿಮಿಷದ ಲೆಕ್ಕದಲ್ಲಿ ಅದು ಇನ್ನೂ ಸರಳ: ಇಳಿಯುವ ವೇಗ ಎತ್ತರದ ವರ್ಗಮೂಲವೇ. 16ರಲ್ಲಿದ್ದಾಗ ನಿಮಿಷಕ್ಕೆ 4 ಸೆಂಟಿಮೀಟರ್, 9ಕ್ಕೆ ಬಂದಾಗ ನಿಮಿಷಕ್ಕೆ 3. ಅವಕಲ ಸಮೀಕರಣ ಎಂದರೆ ಇಷ್ಟೇ. ನೀರು ಯಾವಾಗ ಎಲ್ಲಿರುತ್ತದೆ ಎಂದು ಅದು ಹೇಳುವುದಿಲ್ಲ. ಈಗ ಇಲ್ಲಿದ್ದರೆ ಮುಂದಿನ ಗಳಿಗೆ ಹೇಗೆ ಬದಲಾಗುತ್ತದೆ ಎಂಬುದನ್ನು ಮಾತ್ರ ಹೇಳುತ್ತದೆ. ಆ ಪಿಸುಮಾತುಗಳನ್ನೆಲ್ಲ ಪೋಣಿಸಿ ಇಡೀ ಕತೆ ಕಟ್ಟುವುದು ನಮ್ಮ ಕೆಲಸ. ಹೈಸ್ಕೂಲಿನ ಸಮೀಕರಣಕ್ಕೆ ಉತ್ತರ ಒಂದು ಸಂಖ್ಯೆ. ಇದಕ್ಕೆ ಉತ್ತರ ಒಂದು ಗೆರೆ, ಒಂದು ಚಲನೆ.

ಕೊನೆಗೆ ಹಾಕುವ ‘ಪ್ಲಸ್ ಸಿ’ ಕೂಡ ಇಲ್ಲೇ ಅರ್ಥವಾಗುತ್ತದೆ. ಸಿ ಬರೆಯದೆ ಅರ್ಧ ಮಾರ್ಕು ಕಳೆದುಕೊಳ್ಳದವರು ನಮ್ಮ ಕ್ಲಾಸಿನಲ್ಲಿ ಯಾರೂ ಇರಲಿಲ್ಲ. ಅದು ಮೇಷ್ಟ್ರ ಹಟ ಎಂದೇ ನಾವು ತಿಳಿದಿದ್ದೆವು. ಸಮೀಕರಣಕ್ಕೆ ನೀರು ಇಳಿಯುವ ರೀತಿ ಗೊತ್ತು, ನಾನು ಎಷ್ಟು ನೀರು ತುಂಬಿದೆ ಎಂಬುದು ಗೊತ್ತಿಲ್ಲ. ಅದನ್ನು ಹೊರಗಿನಿಂದ ಹೇಳಬೇಕು. ಆ ಖಾಲಿ ಜಾಗದ ಹೆಸರು ಸಿ.

ಪಕ್ಕದಲ್ಲಿ ಲೋಟದ ಕಾಫಿ ಆರುತ್ತಿತ್ತು. ಅದಕ್ಕೂ ಒಂದು ಸಮೀಕರಣ ಇದೆ. ಕಾಫಿ ತಣಿಯುವ ವೇಗ, ಕಾಫಿಗೂ ಕೋಣೆಗೂ ಇರುವ ಬಿಸಿಯ ವ್ಯತ್ಯಾಸಕ್ಕೆ ಅನುಗುಣ. ನ್ಯೂಟನ್ ಈ ವಿಚಾರವನ್ನು 1701ರಲ್ಲಿ ತನ್ನ ಹೆಸರು ಹಾಕದೆ ಪ್ರಕಟಿಸಿದ. ವ್ಯತ್ಯಾಸ 48 ಡಿಗ್ರಿಯಿಂದ 24ಕ್ಕೆ ಇಳಿಯಲು ಹತ್ತು ನಿಮಿಷ ಬೇಕಾದರೆ 24ರಿಂದ 12ಕ್ಕೂ ಹತ್ತೇ, 12ರಿಂದ 6ಕ್ಕೂ ಹತ್ತೇ. ಸಮೀಕರಣದ ಪ್ರಕಾರ ಕಾಫಿ ಎಂದಿಗೂ ಪೂರ್ತಿ ಆರುವುದಿಲ್ಲ. ಆದರೆ ಬಾಟಲಿ ಎಂಟು ನಿಮಿಷಕ್ಕೆ ಸರಿಯಾಗಿ ಖಾಲಿ.

ಒಂದರಲ್ಲಿ ವ್ಯತ್ಯಾಸ ಹಾಗೇ ಇದೆ, ಇನ್ನೊಂದರಲ್ಲಿ ವರ್ಗಮೂಲವಿದೆ. ಅಷ್ಟರಿಂದ ಏನಾಗುತ್ತದೆ ನೋಡಿ. ನೀವು ಮಧ್ಯಾಹ್ನ ಮನೆಗೆ ಬರುತ್ತೀರಿ. ಲೋಟದ ಕಾಫಿ ಕೋಣೆಗಿಂತ ಒಂದು ಡಿಗ್ರಿ ಬೆಚ್ಚಗಿದೆ. ಎಷ್ಟು ಬಿಸಿಯಿದ್ದಾಗ ಬಗ್ಗಿಸಿದ್ದು ಎಂದು ಗೊತ್ತಿದ್ದರೆ ಯಾವಾಗ ಬಗ್ಗಿಸಿದ್ದು ಎಂದು ಹಿಂದಕ್ಕೆ ಲೆಕ್ಕ ಹಾಕಬಹುದು. ಪಕ್ಕದಲ್ಲಿ ಖಾಲಿ ಬಾಟಲಿ ಇದೆ. ಅದು ಯಾವಾಗ ಖಾಲಿಯಾಯಿತು? ಐದು ನಿಮಿಷದ ಹಿಂದೆಯೋ, ನಿನ್ನೆಯೋ, ಅದರಲ್ಲಿ ನೀರೇ ಇರಲಿಲ್ಲವೋ? ಯಾವ ಗಣಿತಜ್ಞನೂ ಹೇಳಲಾರ. ಖಾಲಿ ಬಾಟಲಿಗೆ ಹಿಂದಿನ ಕತೆಗಳು ಅಸಂಖ್ಯ, ಎಲ್ಲವೂ ಆ ಸಮೀಕರಣವನ್ನು ಒಪ್ಪುವಂಥವೇ. ಯೂನಿಕ್‌ನೆಸ್ ಥಿಯರಂ, ಲಿಪ್ಷಿಟ್ಸ್ ಕಂಡಿಷನ್ ಎಂದು ಕಂಠಪಾಠ ಮಾಡಿ ಒಪ್ಪಿಸುತ್ತಿದ್ದೆವಲ್ಲ, ಅದು ಕಾಯುತ್ತಿರುವುದು ಈ ಬಾಗಿಲನ್ನೇ. ಸೊನ್ನೆಯ ಹತ್ತಿರ ವರ್ಗಮೂಲದ ಗೆರೆ ಗೋಡೆಯ ಹಾಗೆ ನೆಟ್ಟಗೆ ಏಳುತ್ತದೆ. ಅಲ್ಲಿ ಲಿಪ್ಷಿಟ್ಸ್ ಶರತ್ತು ಮುರಿಯುತ್ತದೆ, ಹಿಂದಿನದರ ನೆನಪು ಅಳಿಸಿಹೋಗುತ್ತದೆ. ನಾನು ಈ ಥಿಯರಂನ ಪ್ರೂಫನ್ನು ಎರಡು ಪುಟ ಬರೆದು ಬಂದಿದ್ದೆ. ತೂತು ಬಾಟಲಿ ಎಂಬ ಮಾತು ಅದರಲ್ಲಿ ಎಲ್ಲೂ ಇರಲಿಲ್ಲ.

ತೂತಿನ ಮಾತು ಬಂದದ್ದಕ್ಕೆ ಒಂದು ಉಪಕತೆ. ಮದುವೆ ಮುಹೂರ್ತಕ್ಕೆ ಇಡುತ್ತಿದ್ದ ಗಳಿಗೆ ಬಟ್ಟಲು ಗೊತ್ತಲ್ಲ, ತಳದಲ್ಲಿ ಸಣ್ಣ ರಂಧ್ರವಿರುವ ತಾಮ್ರದ ಬಟ್ಟಲು? ನೀರಿನ ಮೇಲೆ ತೇಲಿಬಿಟ್ಟರೆ ನಿಧಾನಕ್ಕೆ ತುಂಬಿಕೊಂಡು ಮುಳುಗುತ್ತದೆ. ಒಮ್ಮೆ ಮುಳುಗಿದರೆ ಒಂದು ಗಳಿಗೆ, ಅಂದರೆ 24 ನಿಮಿಷ. ಭಾಸ್ಕರಾಚಾರ್ಯರ ಮಗಳು ಲೀಲಾವತಿಯ ಮುತ್ತು ಜಾರಿಬಿದ್ದು ತೂತು ಮುಚ್ಚಿತು, ಮುಹೂರ್ತ ತಪ್ಪಿತು ಎಂಬ ದಂತಕತೆಯ ಬಟ್ಟಲು ಇದೇ. ಸೋರುವ ಕೊಡವನ್ನು ಬಿಟ್ಟು ಮುಳುಗುವ ಬಟ್ಟಲನ್ನು ಯಾಕೆ ಆರಿಸಿಕೊಂಡರು? ಸೋರುವ ಕೊಡದಲ್ಲಿ ನೀರು ಇಳಿದಂತೆ ಒತ್ತಡ ಇಳಿಯುತ್ತದೆ, ಗಡಿಯಾರ ಸುಸ್ತಾಗುತ್ತದೆ. ತೇಲುವ ಬಟ್ಟಲಿನ ಕತೆ ಬೇರೆ. ಅದರ ಗೋಡೆ ನೇರವಾಗಿದ್ದರೆ ಹೊರಗಿನ ನೀರಿಗೂ ಒಳಗಿನ ನೀರಿಗೂ ಇರುವ ಮಟ್ಟದ ವ್ಯತ್ಯಾಸವನ್ನು ನಿರ್ಧರಿಸುವುದು ಬಟ್ಟಲಿನ ತೂಕ. ತೂಕ ಬದಲಾಗದು, ಹಾಗಾಗಿ ವ್ಯತ್ಯಾಸವೂ ಬದಲಾಗದು. ನೀರು ಮೊದಲಿನಿಂದ ಕೊನೆಯವರೆಗೆ ಒಂದೇ ವೇಗದಲ್ಲಿ ಏರುತ್ತದೆ. ದುಂಡು ತಳದ ಬಟ್ಟಲಿನಲ್ಲಿ ಇದು ಇಷ್ಟು ಅಚ್ಚುಕಟ್ಟಲ್ಲ. ಆದರೂ ಪುರೋಹಿತರಿಗೆ ಬೇಕಾದದ್ದು ಒಟ್ಟು ಹೊತ್ತು ಮಾತ್ರ. ಇದನ್ನು ಮಾಡಿದ ಕಂಚುಗಾರ ಯಾವ ಸಮೀಕರಣವನ್ನೂ ಬರೆದಿರಲಾರ. ಆದರೆ ಯಾವ ಸಮೀಕರಣದ ಜೊತೆ ಬದುಕುವುದು ಸುಲಭ ಎಂಬುದು ಅವನ ಕೈಗೆ ಗೊತ್ತಿತ್ತು ಎಂದು ನನಗನ್ನಿಸುತ್ತದೆ.

ಮತ್ತೆ ಟೈಪುಗಳಿಗೆ ಬರೋಣ. ಅವುಗಳ ಹುಟ್ಟಿನಲ್ಲಿ ಮೋಸವಿಲ್ಲ. 1690ರ ದಶಕದಲ್ಲಿ ಲೈಬ್ನಿಜ್ ಮತ್ತು ಬರ್ನೂಲಿ ಸಹೋದರರು ಪತ್ರಗಳಲ್ಲಿ ಒಬ್ಬರಿಗೊಬ್ಬರು ಸವಾಲು ಎಸೆಯುತ್ತಾ ಒಂದೊಂದೇ ಬೀಗಕ್ಕೆ ಒಂದೊಂದೇ ಕೀಲಿ ಮಾಡಿದರು. ಆಯ್ಲರ್ ಇನ್ನಷ್ಟು ಮಾಡಿದ. ಆ ಕೀಲಿಗೊಂಚಲು ಬ್ರಿಟಿಷ್ ಪಠ್ಯಪುಸ್ತಕಗಳಿಗೆ ಇಳಿಯಿತು: 1859ರಲ್ಲಿ ಬೂಲ್, 1885ರಲ್ಲಿ ಫೋರ್ಸಿತ್, 1920ರಲ್ಲಿ ಪಿಯಾಜಿಯೊ. ನಮ್ಮ ವಿಶ್ವವಿದ್ಯಾಲಯಗಳ ಸಿಲಬಸ್ಸಿನ ಎಲುಬು ಇವತ್ತಿಗೂ ಅದೇ. ನಡುವೆ 1841ರಲ್ಲಿ ಫ್ರಾನ್ಸಿನ ಲಿಯೂವಿಲ್ ಒಂದು ಬಾಂಬು ಹಾಕಿದ್ದ. ಡಿವೈ ಬೈ ಡಿಎಕ್ಸ್ ಈಕ್ವಲ್ ಟು ಎಕ್ಸ್ ಸ್ಕ್ವೇರ್ ಪ್ಲಸ್ ವೈ ಸ್ಕ್ವೇರ್. ಎಷ್ಟು ಪಾಪದ ಸಮೀಕರಣ! ನಮಗೆ ಗೊತ್ತಿರುವ ಸೈನ್, ಲಾಗ್, ಘಾತಗಳನ್ನು ಎಷ್ಟು ಬಗೆಯಲ್ಲಿ ಕಲಸಿ ಅನುಕಲನ ಮಾಡಿದರೂ ಇದು ಬಿಡದು ಎಂದು ಅವನು ಸಾಧಿಸಿ ತೋರಿಸಿದ. ನಿಜ ಜಗತ್ತಿನ ಸಮೀಕರಣಗಳಲ್ಲಿ ಬಹುಪಾಲು ಇದೇ ಕುಲದವು. ಪರೀಕ್ಷೆಯಲ್ಲಿ ಬರುವವು ಬಿಡಿಸಲು ಬರುತ್ತವೆ ಎಂಬ ಒಂದೇ ಕಾರಣಕ್ಕೆ ಆರಿಸಿ ತಂದವು. ಅಳಿಯನ ನೋಟ್‌ಬುಕ್ಕಿನಲ್ಲಿದ್ದ ಆ ಉದ್ದನೆಯ ಪ್ರಾಣಿಯೂ ಅಂಥದ್ದೇ. ಯಾರೋ ಉತ್ತರವನ್ನು ಮೊದಲು ಇಟ್ಟುಕೊಂಡು, ಅದನ್ನು ಅವಕಲಿಸಿ, ಗೊಜ್ಜು ಮಾಡಿ ಮಕ್ಕಳ ಮುಂದೆ ಇಟ್ಟಿದ್ದಾರೆ.

ಅಮೆರಿಕದ ಎಂಐಟಿಯಲ್ಲಿ ಈ ಕೋರ್ಸನ್ನು ಕಲಿಸುತ್ತಿದ್ದ ಜಿಯಾನ್-ಕಾರ್ಲೊ ರೋಟಾ 1997ರಲ್ಲಿ ಒಂದು ಭಾಷಣದಲ್ಲಿ ತನ್ನ ಹೊಟ್ಟೆಯುರಿಯನ್ನೆಲ್ಲ ಹೇಳಿಕೊಂಡ. ಎಕ್ಸಾಕ್ಟ್, ಇಂಟಿಗ್ರೇಟಿಂಗ್ ಫ್ಯಾಕ್ಟರ್ ಮುಂತಾದ ಒಂದಕ್ಕೊಂದು ಸಂಬಂಧವಿಲ್ಲದ ಉಪಾಯಗಳನ್ನು ಪುಸ್ತಕದ ಮೊದಲಲ್ಲೇ ತುರುಕುವುದು ಶುದ್ಧ ಅಸಂಬದ್ಧ ಎಂಬುದು ಅವನ ವಾದ. ಸ್ವತಃ ಇದೇ ವಿಷಯದ ಒಂದು ಪಠ್ಯಪುಸ್ತಕದ ಸಹಲೇಖಕನಾಗಿದ್ದವನು ಹೀಗೆ ಹೇಳಿದ್ದು ಅದರ ಸೊಗಸು. ನಾನು ಅವನಷ್ಟು ಕಟುವಾಗಲಾರೆ. ಲೀನಿಯರ್ ಸಮೀಕರಣದ ಇಂಟಿಗ್ರೇಟಿಂಗ್ ಫ್ಯಾಕ್ಟರ್ ಕೆಲಸಕ್ಕೆ ಬರುವ ವಸ್ತುವೇ. ಆದರೆ ಪಿಯುಸಿಯಿಂದ ಬೆನ್ನು ಹತ್ತುವ ‘ಆರ್ಡರ್ ಮತ್ತು ಡಿಗ್ರಿ ಬರೆಯಿರಿ’ ಇದೆಯಲ್ಲ, ಅದರಲ್ಲಿ ಆರ್ಡರ್ ಬೇಕು. ಡಿಗ್ರಿಯಿಂದ ಯಾರಿಗೆ ಯಾವಾಗ ಉಪಕಾರವಾಯಿತೋ ದೇವರೇ ಬಲ್ಲ.

ಬಿಡಿಸಲಾಗದ ಸಮೀಕರಣವನ್ನು ಇಟ್ಟುಕೊಂಡು ಏನು ಮಾಡುವುದು? ಓದುವುದು. 1927ರಲ್ಲಿ ಕರ್ಮ್ಯಾಕ್ ಮತ್ತು ಮೆಕೆಂಡ್ರಿಕ್ ಎಂಬಿಬ್ಬರು ಸಾಂಕ್ರಾಮಿಕ ರೋಗದ ಸಮೀಕರಣಗಳನ್ನು ಬರೆದರು. ಕೋವಿಡ್ ಕಾಲದಲ್ಲಿ ಟಿವಿಯಲ್ಲಿ ಕಂಡ ಏರಿಳಿಯುವ ಗೆರೆಗಳ ಮೂಲ ಅಲ್ಲಿದೆ. ಮೆಕೆಂಡ್ರಿಕ್ ಇಂಡಿಯನ್ ಮೆಡಿಕಲ್ ಸರ್ವೀಸಿನ ವೈದ್ಯ, ಕಸೌಲಿಯ ಪಾಶ್ಚರ್ ಸಂಸ್ಥೆಯಲ್ಲಿದ್ದವನು. ಕರ್ಮ್ಯಾಕ್ ಪ್ರಯೋಗಾಲಯದ ಅವಘಡವೊಂದರಲ್ಲಿ ಕಣ್ಣು ಕಳೆದುಕೊಂಡಿದ್ದ. ತಮ್ಮ ಲೆಕ್ಕವನ್ನು ಅವರು ಒರೆಗೆ ಹಚ್ಚಿದ್ದು 1905ರ ಡಿಸೆಂಬರಿನಿಂದ 1906ರ ಜುಲೈವರೆಗೆ ಬೊಂಬಾಯಿಯಲ್ಲಿ ಪ್ಲೇಗಿನಿಂದ ವಾರವಾರ ಸತ್ತವರ ಅಂಕಿಗಳ ಮೇಲೆ. ಅದೇ ಪ್ಲೇಗು 1898ರಲ್ಲಿ ಬೆಂಗಳೂರಿಗೂ ಬಂದಿತ್ತು. ಪೇಟೆಯ ಇಕ್ಕಟ್ಟು ಕಂಡು ಬಸವನಗುಡಿ, ಮಲ್ಲೇಶ್ವರ ಎದ್ದದ್ದು ಅದರ ಬೆನ್ನಿಗೇ. ಕಾಲಕ್ಕೆ ತಕ್ಕಂತೆ ರೋಗಿಗಳೆಷ್ಟು ಎಂದು ಹೇಳುವ ಚೊಕ್ಕ ಸೂತ್ರ ಆ ಸಮೀಕರಣಗಳಿಂದ ಹೊರಡಲಿಲ್ಲ, ಅಂದಾಜಿನ ಸೂತ್ರಕ್ಕೇ ತೃಪ್ತಿಪಡಬೇಕಾಯಿತು. ಆದರೆ ಒಂದು ಸಾಲಿನ ಚಿಹ್ನೆ ನೋಡಿಯೇ ದೊಡ್ಡ ಸಂಗತಿ ಹೊರಬಂತು. ರೋಗ ತಗಲಬಹುದಾದವರ ಸಂಖ್ಯೆ ಒಂದು ಮಿತಿಗಿಂತ ಹೆಚ್ಚಿದ್ದರೆ ರೋಗಿಗಳ ಬದಲಾವಣೆ ಪ್ಲಸ್, ಕಡಿಮೆಯಿದ್ದರೆ ಮೈನಸ್. ಅಂದರೆ ಪ್ಲೇಗು ನಿಲ್ಲಲು ಊರಿಗೆ ಊರೇ ಬೀಳಬೇಕಿಲ್ಲ. ಏನನ್ನೂ ಬಿಡಿಸದೆ, ಪ್ಲಸ್ಸೋ ಮೈನಸ್ಸೋ ಎಂದು ನೋಡಿ ಕಂಡುಕೊಂಡ ಮಾತು ಇದು.

ಎರಡನೇ ಆರ್ಡರಿಗೆ ಬಂದಾಗ ನಮ್ಮ ಹುಡುಗರ ಮಂತ್ರ ಬದಲಾಗುತ್ತದೆ: ಸಿಎಫ್ ಪ್ಲಸ್ ಪಿಐ. ಕಾಂಪ್ಲಿಮೆಂಟರಿ ಫಂಕ್ಷನ್, ಪರ್ಟಿಕ್ಯುಲರ್ ಇಂಟಿಗ್ರಲ್. ‘ಡಿ’ ಎಂಬ ಅಕ್ಷರವನ್ನು ಸಂಖ್ಯೆಯ ಹಾಗೆ ಭಾಗಿಸಿ ಗುಣಿಸಿ ಆಡುವ ಆಟ. ಈ ಆಟ ಹಳೆಯದು, ಮತ್ತು ನನ್ನ ಮಟ್ಟಿಗೆ ಇಡೀ ಕೋರ್ಸಿನಲ್ಲಿ ಅತಿ ಸೊಗಸಾದದ್ದು. ಸೊಗಸು ಯಾಕೆಂದರೆ ಸಿಎಫ್ ಮತ್ತು ಪಿಐ ಎರಡು ಬೇರೆ ಬೇರೆ ಜೀವಗಳು. ಉತ್ತರ ಕರ್ನಾಟಕದಲ್ಲಿ ಪಂಚಮಿಗೆ ಮರಕ್ಕೆ ಕಟ್ಟುವ ಜೋಕಾಲಿಯನ್ನು ನೆನೆಸಿಕೊಳ್ಳಿ. ಒಮ್ಮೆ ತಳ್ಳಿ ಕೈ ಬಿಟ್ಟರೆ ಅದು ತನ್ನದೇ ಲಯದಲ್ಲಿ ಆಡುತ್ತಾ ಮೆಲ್ಲಗೆ ನಿಲ್ಲುತ್ತದಲ್ಲ, ಅದು ಸಿಎಫ್, ಜೋಕಾಲಿಯ ಸ್ವಂತ ಸ್ವಭಾವ. ಹಿಂದೆ ನಿಂತು ಯಾರೋ ತಳ್ಳುತ್ತಲೇ ಇದ್ದರೆ ಅವರ ಲಯಕ್ಕೆ ಅದು ಕೊಡುವ ಉತ್ತರ ಪಿಐ. ಸ್ವಭಾವದ ಆಟ ಸ್ವಲ್ಪ ಹೊತ್ತಿಗೆ ಅಡಗುತ್ತದೆ, ತಳ್ಳುವವರ ಲಯ ಉಳಿಯುತ್ತದೆ. ಹಲಗೆಯ ಮೇಲೆ ನಿಂತು ಮೊಣಕಾಲು ಬಗ್ಗಿಸಿ ಎದ್ದು ಜೀಕುವುದು ಮಾತ್ರ ಈ ಎರಡಕ್ಕೂ ಸೇರದು. ಅಲ್ಲಿ ಬದಲಾಗುತ್ತಿರುವುದು ಸಮೀಕರಣದ ಸಹಗುಣಕವೇ. ಅದು ಮುಂದಿನ ಕ್ಲಾಸಿನ ಪಾಠ, ಹೆಣ್ಣುಮಕ್ಕಳು ಎಷ್ಟೋ ತಲೆಮಾರಿನಿಂದ ಮಾಡುತ್ತ ಬಂದಿದ್ದರೂ.

ಈಗ ನೋಟ್‌ಬುಕ್ಕಿನ ಒಂದು ಸಾಲು. ವೈ ಡಬಲ್ ಡ್ಯಾಶ್ ಪ್ಲಸ್ ನಾಲ್ಕು ವೈ ಈಕ್ವಲ್ ಟು ಸೈನ್ ಎರಡು ಎಕ್ಸ್. ಡಿ ಸ್ಕ್ವೇರ್ ಇದ್ದಲ್ಲಿ ಮೈನಸ್ ನಾಲ್ಕು ಹಾಕಬೇಕು. ಹಾಕಿದರೆ ಛೇದ ಸೊನ್ನೆ! ಅಳಿಯ ಅದರ ಪಕ್ಕದಲ್ಲಿ ಕೆಂಪು ಇಂಕಿನಲ್ಲಿ ಬರೆದುಕೊಂಡಿದ್ದ: ‘ಕೇಸ್ ಆಫ್ ಫೇಲ್ಯೂರ್. ಮೇಲೆ ಎಕ್ಸ್‌ನಿಂದ ಗುಣಿಸು, ಕೆಳಗೆ ಡಿಫರೆನ್ಷಿಯೇಟ್ ಮಾಡು.’ ಉತ್ತರ, ಮೈನಸ್ ಎಕ್ಸ್ ಕಾಸ್ ಎರಡು ಎಕ್ಸ್ ಬೈ ನಾಲ್ಕು. ಮೂವತ್ತು ವರ್ಷದ ಹಿಂದೆ ನನ್ನ ನೋಟ್‌ಬುಕ್ಕಿನಲ್ಲೂ ಇದೇ ಸಾಲಿತ್ತು, ಇಂಕು ನೀಲಿ ಅಷ್ಟೇ.

‘ಫೇಲಾದದ್ದು ಏನು?’ ಎಂದು ಕೇಳಿದೆ.

‘ಫಾರ್ಮುಲಾ.’

‘ಆ ಕಾಸ್ ಮುಂದೆ ಒಂದು ಎಕ್ಸ್ ಕೂತಿದೆಯಲ್ಲ. ಎಕ್ಸ್ ಅಂದರೆ ಟೈಮ್ ಅಂದುಕೋ. ಟೈಮ್ ಹೋದಂಗೆ ಏನಾಗತ್ತೆ?’

ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ದೊಡ್ಡದಾಗ್ತಾ ಹೋಗತ್ತೆ,’ ಎಂದ. ಬಸ್ಸು ಸ್ಟ್ಯಾಂಡಿನಲ್ಲಿ ಎಂಜಿನ್ ಆನ್ ಇಟ್ಟುಕೊಂಡು ನಿಂತಾಗ ಕಿಟಕಿಯೊಂದು ಹಲ್ಲು ಉದುರುವ ಹಾಗೆ ಗಡಗಡ ಎನ್ನುತ್ತದೆ. ಡ್ರೈವರ್ ಆಕ್ಸಿಲರೇಟರ್ ಮೇಲೆ ಕಾಲಿಟ್ಟು ಎಂಜಿನ್ನಿನ ಸದ್ದು ಏರಿಸಿದ ಕೂಡಲೇ ಆ ಕಿಟಕಿ ಗಪ್‌ಚುಪ್. ಕಿಟಕಿ ಗಡಗಡ ಎಂದದ್ದು ಎಂಜಿನ್ನಿನ ಲಯ ಅದರ ಸ್ವಂತ ಲಯಕ್ಕೆ ತಾಳೆಯಾದ ಗಳಿಗೆಯಲ್ಲಿ. ಆ ಅನುರಣನವನ್ನು, ರೆಸೊನೆನ್ಸನ್ನು, ಪುಸ್ತಕ ಫೇಲ್ಯೂರ್ ಎಂದು ಕರೆದು ಮುಂದೆ ಹೋಗುತ್ತದೆ. ರೇಡಿಯೊದಲ್ಲಿ ಸ್ಟೇಷನ್ ಹಿಡಿಯುವುದೂ ಈ ಫೇಲ್ಯೂರಿನ ಪಕ್ಕದಲ್ಲೇ. ಘರ್ಷಣೆ ಇರುವುದರಿಂದ ಕಂಪನ ಅನಂತಕ್ಕೆ ಏರುವುದಿಲ್ಲ, ಎಲ್ಲೋ ಒಂದು ಕಡೆ ನಿಲ್ಲುತ್ತದೆ. ಇಲ್ಲದಿದ್ದರೆ ಬಸ್ಸಿನಲ್ಲಿ ಒಂದು ಗಾಜೂ ಉಳಿಯುತ್ತಿರಲಿಲ್ಲ.

ಇಲ್ಲಿ ಪುಸ್ತಕಗಳೇ ಜಾರಿಬಿದ್ದ ಕತೆಯೊಂದಿದೆ. ಅಮೆರಿಕದ ಟಕೋಮಾ ನ್ಯಾರೋಸ್ ತೂಗುಸೇತುವೆ 1940ರ ಜುಲೈ 1ರಂದು ತೆರೆದು, ಅದೇ ವರ್ಷ ನವೆಂಬರ್ 7ರಂದು ಗಾಳಿಗೆ ಬಟ್ಟೆಯಂತೆ ಹೊರಳಾಡಿ ಮುರಿದುಬಿತ್ತು. ಗಾಳಿಯ ಲಯ ಸೇತುವೆಯ ಲಯಕ್ಕೆ ಕೂಡಿತು, ರೆಸೊನೆನ್ಸ್ ಎಂದು ಪಠ್ಯಪುಸ್ತಕಗಳು ದಶಕಗಳ ಕಾಲ ಬರೆದವು. ಹಾಗಲ್ಲ ಎಂದು 1991ರಲ್ಲಿ ಬಿಲ್ಲಾ ಮತ್ತು ಸ್ಕ್ಯಾನ್ಲನ್ ವಿವರವಾಗಿ ತೋರಿಸಿದರು. ಅಂದು ಗಾಳಿ ಲಯಬದ್ಧವಾಗಿ ತಳ್ಳುತ್ತಿರಲಿಲ್ಲ. ಸೇತುವೆ ತಾನೇ ಹೊರಳುತ್ತಾ, ಆ ಹೊರಳಾಟದಿಂದಲೇ ಗಾಳಿಯ ಶಕ್ತಿಯನ್ನು ಹೀರಿಕೊಂಡಿತು. ಕಂಪನವನ್ನು ಅಡಗಿಸಬೇಕಾದ ಪದದ ಚಿಹ್ನೆಯೇ ತಿರುಗಿಬಿದ್ದು ಕಂಪನವನ್ನು ಬೆಳೆಸತೊಡಗಿತು. ನಮ್ಮ ಹುಡುಗರ ಭಾಷೆಯಲ್ಲಿ ಹೇಳುವುದಾದರೆ ಸೇತುವೆ ಬಿದ್ದದ್ದು ಪಿಐಯಿಂದಲ್ಲ, ಸಿಎಫ್‌ನಿಂದ.

ಇಷ್ಟಾಗುವಾಗ ಊಟದ ಹೊತ್ತು. ಬಾಟಲಿಯ ಕೊನೆಯ ಸೆಂಟಿಮೀಟರ್ ಇನ್ನೂ ತೊಟ್ಟಿಕ್ಕುತ್ತಲೇ ಇತ್ತು. ಅಷ್ಟು ಕೆಳಗೆ ಬಂದಾಗ ತೂತಿನ ಬಾಯಲ್ಲಿ ನೀರಿನ ಹನಿ ತನ್ನನ್ನು ತಾನೇ ಹಿಡಿದುಕೊಳ್ಳುತ್ತದೆ, ಟೊರಿಸೆಲ್ಲಿಯ ಮಾತು ನಡೆಯುವುದಿಲ್ಲ. ನಾನು ಅಡುಗೆಮನೆಯಲ್ಲಿ ಸಾರು ಬಿಸಿಮಾಡುತ್ತಿದ್ದರೆ ಅಳಿಯ ಮೊಬೈಲಿನ ಕ್ಯಾಲ್ಕುಲೇಟರ್ ಹಿಡಿದು ಕೂತಿದ್ದ. ಆಯ್ಲರ್ 1768ರಲ್ಲಿ ವಿವರಿಸಿದ ಹೆಜ್ಜೆಲೆಕ್ಕವನ್ನು ಅವನಿಗೆ ಹೇಳಿಕೊಟ್ಟಿದ್ದೆ: ಈಗಿನ ವೇಗವೇ ಮುಂದಿನ ಹೆಜ್ಜೆಯುದ್ದಕ್ಕೂ ಇರುತ್ತದೆ ಎಂದು ನಂಬಿ ಒಂದು ಹೆಜ್ಜೆ ಇಡು, ಅಲ್ಲಿ ನಿಂತು ವೇಗ ಮತ್ತೆ ಕೇಳು, ಇನ್ನೊಂದು ಹೆಜ್ಜೆ ಇಡು. ಎರಡು ನಿಮಿಷದ ಹೆಜ್ಜೆ ಹಾಕಿದಾಗ ನಾಲ್ಕನೇ ನಿಮಿಷಕ್ಕೆ ನೀರು 2.34ರಲ್ಲಿತ್ತು. ಒಂದು ನಿಮಿಷದ ಹೆಜ್ಜೆಗೆ 3.24. ಅರ್ಧ ನಿಮಿಷದ್ದಕ್ಕೆ 3.64. ನಿಜವಾದ 4ರ ಕಡೆಗೆ ಪ್ರತಿ ಸಲ ದೂರ ಅರ್ಧವಾಗುತ್ತಾ ಸರಿಯುತ್ತಿದೆ ಎಂದು ಅವನೇ ಕೂಗಿ ಹೇಳಿದ. ಟೈಪು ಕೇಳಲಿಲ್ಲ.

ಆಮೇಲೆ ಒಂದು ನಿಮಿಷದ ಹೆಜ್ಜೆಯಲ್ಲೇ ಕೊನೆ ಮುಟ್ಟಿಸುತ್ತೇನೆ ಎಂದು ಹೊರಟ. ಐದನೇ ನಿಮಿಷ 1.44. ಆರನೇ ನಿಮಿಷ 0.24. ಏಳಕ್ಕೆ ತಟ್ಟನೆ ನಿಂತು ಅಡುಗೆಮನೆ ಬಾಗಿಲಿಗೆ ಬಂದ.

‘ಮಾಮ, ಬಾಟಲೀಲಿ ಮೈನಸ್ ಕಾಲು ಸೆಂಟಿಮೀಟರ್ ನೀರಿದೆ.’

‘ಮುಂದಿನ ಹೆಜ್ಜೆ ಇಡು.’

ವರ್ಗಮೂಲದ ಬಟನ್ ಒತ್ತಿದ. ಮೊಬೈಲ್ ‘ಎರರ್’ ಅಂದಿತು. ಸಿಂಕಿನಲ್ಲಿ ಬಾಟಲಿ ಇನ್ನೊಂದು ಹನಿ ಉದುರಿಸಿತು.